ಗಾಲಿ ಮುಂದಿನ ನಿಂಬೆಹಣ್ಣು

ಹಗರಿಬೊಮ್ಮನಹಳ್ಳಿಯ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ಜನ ತುಂಬಲಿ ಎಂದು ನಿಂತೇ ಇತ್ತು. ಹಡಗಲಿಯಲ್ಲಿ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೊರಟಿದ್ದೆ. ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಬಿಸಿಲಿಗೆ ಕಣ್ಣು ಮುಚ್ಚಿ ಕುಳಿತಿದ್ದೆ. ಆಗ ಹಿಂದಿನ ಸೀಟಿನಿಂದ ಒಂದು ಹಾರ್ನ್ ಕೇಳಿಸಿತು. ಮೊದಲು ಎರಡು ಚಿಕ್ಕವು, ಆಮೇಲೆ ಒಂದು ಉದ್ದನೆಯದು, ಅದರ ಕೊನೆಗೆ ಒಂದಿಷ್ಟು ನಡುಕ. ಕಣ್ಣು ತೆರೆಯುವ ಮೊದಲೇ, ಅಯ್ಯೋ ಇನ್ನೂ ಒಲೆಯ ಮೇಲೆ ಹಂಚು ಇಟ್ಟಿಲ್ಲವಲ್ಲ ಎಂದು ಜೀವ ಗಡಬಡಿಸಿತು.

ಅದು ನಮ್ಮ ಮನೆಯವರ ಹಾರ್ನು. ಸಂಜೆ ಬಸ್ಸು ಕೊಟ್ಟೂರಿಗೆ ಬಂದಾಗ ನಮ್ಮ ಓಣಿಯ ತಿರುವಿನಲ್ಲಿ ಅವರು ಹಾಗೇ ಹೊಡೆಯುತ್ತಿದ್ದರು. ಅದು ಕೇಳಿದ ಮೇಲೆ ನಾನು ಹಂಚು ಇಟ್ಟರೆ, ಅವರು ಗಾಡಿ ನಿಲ್ಲಿಸಿ ಮನೆಗೆ ಬಂದು ಕೈಕಾಲು ತೊಳೆಯುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ಆದರೆ ಅವರು ಬಸ್ಸು ಓಡಿಸುವುದು ಬಿಟ್ಟು ವರ್ಷಗಳೇ ಆದವು.

ಹಿಂತಿರುಗಿ ನೋಡಿದೆ. ಕೊರಳಲ್ಲಿ ಕೆಲಸದ ಗುರುತಿನ ಚೀಟಿ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಬಸ್ಸು ಓಡಿಸುತ್ತಿದ್ದಳು. ಬಸ್ಸಿನಲ್ಲಿ ಕುಳಿತು ಬಸ್ಸಿನ ಆಟ. ಫೋನಿನೊಳಗಿನ ಆ ಬಸ್ಸು ನನಗೆ ಗೊತ್ತಿತ್ತು. ಅದು ನಮ್ಮ ಮನೆಯ ಪಡಸಾಲೆಯಲ್ಲಿ ಹುಟ್ಟಿದ್ದು.

ಆ ವರ್ಷ ಬೇಸಿಗೆಯಲ್ಲಿ ನಮ್ಮ ಮನೆಯವರ ಲೈಸೆನ್ಸು ಮತ್ತೆ ಮಾಡಿಸಬೇಕಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ದಾವಣಗೆರೆಯ ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, "ಹತ್ತಿರದ್ದು ಕಾಣುತ್ತೆ, ಮನೆಯಲ್ಲಿ ಆರಾಮಾಗಿ ಇರಿ. ಬಸ್ಸು ಮಾತ್ರ ಬೇಡ ಯಜಮಾನ್ರೇ" ಅಂದರು. ಪೂರ್ತಿ ಕತ್ತಲಾಗಲಿಲ್ಲವಲ್ಲ, ನಮ್ಮೂರ ದೇವರು ಕೊಟ್ರಯ್ಯ ಇಷ್ಟಾದರೂ ಉಳಿಸಿದ ಎಂದು ನಾನು ಆಸ್ಪತ್ರೆಯ ಬಾಗಿಲಲ್ಲೇ ಕೈ ಮುಗಿದೆ. ಅವರು ಊರು ಬರುವವರೆಗೂ ಬಸ್ಸಿನ ಡ್ರೈವರನ ಬೆನ್ನನ್ನೇ ನೋಡುತ್ತ ಕುಳಿತರು.

ಅವರು ಓಡಿಸುತ್ತಿದ್ದ ಬಸ್ಸಿನ ಹೆಸರು 'ಶ್ರೀ ಹಾಲಮ್ಮ'. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮೇಲೆ ಹಡಗಲಿಗೆ ಹೋಗುವ ಗಾಡಿ. ಹಾಲಮ್ಮ ಅಂದರೆ ಬಸ್ಸಿನ ಮಾಲೀಕರ ತೀರಿಹೋದ ತಾಯಿ. ಮಾಲೀಕರನ್ನು ನಾವೆಲ್ಲ ಸಾವ್ಕಾರ್ರು ಎಂದೇ ಕರೆಯುತ್ತಿದ್ದೆವು. ಕಣ್ಣಿನ ಸುದ್ದಿ ಕೇಳಿ ಅವರೇ ಮನೆಗೆ ಬಂದು, "ಬಸಣ್ಣ, ಸ್ಟ್ಯಾಂಡಿನ್ಯಾಗ ಏಜೆಂಟ್ ಅದಾನಲ್ಲ, ದೀಪಾವಳಿಗೆ ಬಿಡ್ತೀನಿ ಅಂದಾನ. ಆ ಕೆಲಸ ನಿನಗ. ಅಲ್ಲೀತನ ಮನ್ಯಾಗ ಕುಂದ್ರು" ಅಂದಿದ್ದರು. ಸ್ಟ್ಯಾಂಡಿನಲ್ಲಿ ನಿಂತು ಊರ ಹೆಸರು ಕೂಗಿ ಜನರನ್ನು ಹತ್ತಿಸುವುದು, ಹೊತ್ತಿಗೆ ಸರಿಯಾಗಿ ಗಾಡಿ ಬಿಡಿಸುವುದು ಏಜೆಂಟನ ಕೆಲಸ. ಅದೊಂದು ಮಾತಿನ ಮೇಲೆ ನಮ್ಮ ಮನೆ ನಿಂತಿತ್ತು.

ಮನೆಯಲ್ಲಿ ಕುಳಿತುಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ. ನಸುಕಿಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಖಾಕಿ ಅಂಗಿ ಹಾಕಿಕೊಳ್ಳುವರು. ಆಮೇಲೆ ನೆನಪಾಗಿ ಬಿಚ್ಚಿ ಗೂಟಕ್ಕೆ ಹಾಕುವರು. ರಸ್ತೆಯಲ್ಲಿ ಯಾವುದಾದರೂ ಬಸ್ಸು ಗಕ್ಕನೆ ನಿಂತರೆ ಕುರ್ಚಿಯಲ್ಲಿ ಕುಳಿತವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಅಕ್ಕಿ ಆರಿಸುತ್ತಿದ್ದೆ. ಯಾರ ಮೇಲೆ ಸಿಟ್ಟಾಗಬೇಕು? ದೇವರ ಮೇಲೆ ಸಿಟ್ಟಾಗುವುದಕ್ಕೆ ನನಗೆ ಬರುವುದಿಲ್ಲ. ದಣಿವಾಗುತ್ತಿತ್ತು, ಅಷ್ಟೆ.

ಮಗಳು ಚೈತ್ರ ಆಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಅವಳೇ ಒಂದು ದಿನ ಫೋನು ತಂದು ಅಪ್ಪನ ಕೈಗಿಟ್ಟಳು.

"ಅಪ್ಪಾ, ಇದರಾಗ ಬಸ್ಸು ಓಡಸ್ರಿ."

"ಆಟ ಆಡೋ ವಯಸ್ಸೇನಲೇ ನಂದು?" ಅಂದರೂ ಇಸಿದುಕೊಂಡರು. ಹತ್ತಿರದ್ದು ಕಾಣುತ್ತಿತ್ತಲ್ಲ. ಸ್ವಲ್ಪ ಹೊತ್ತು ಓಡಿಸಿ, "ಇದೆಂಥಾ ಬಸ್ಸು? ಮಾರೀನ ನಮ್ಮ ಕಡೇದಲ್ಲ. ಮುಂದ ದೇವರಿಲ್ಲ, ಹೂವಿಲ್ಲ. ಹಾರ್ನ್ ಕೇಳು, ಕೋಳಿಮರಿ ಒದರಿದಂಗ ಐತಿ" ಅಂದು ವಾಪಸು ಕೊಟ್ಟರು.

"ತಡೀರಿ ಹಂಗಾರ. ನಿಮ್ಮ ಬಸ್ಸನ್ನ ಮಾಡಿ ಇದರಾಗ ಹಾಕ್ತೀನಿ."

ಹಾಗೆ ಮಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಟ ಮಾಡಿದವರು ಯಾವುದೋ ದ್ವೀಪದ ದೇಶದವರಂತೆ. ಅವರು ತಮ್ಮ ಊರಿನ ಬಸ್ಸುಗಳನ್ನು ಇಟ್ಟಿದ್ದಾರೆ. ಆಡುವವರು ತಮಗೆ ಬೇಕಾದ ಬಸ್ಸನ್ನು ತಾವೇ ಕಟ್ಟಿ ಅದರೊಳಗೆ ಸೇರಿಸಬಹುದು. ಅದಕ್ಕೆ 'ಮಾಡ್' ಅನ್ನುತ್ತಾರೆ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಇಳಿಸಿಕೊಂಡು ಓಡಿಸಬಹುದು. ಬೀಗ ಹಾಕದೆ ಬಿಟ್ಟಿದ್ದರೆ ಬಿಚ್ಚಿ, ಬದಲಾಯಿಸಿ, ತಮ್ಮದನ್ನಾಗಿ ಮಾಡಿಕೊಳ್ಳಲೂಬಹುದು.

ಆಷಾಢದ ಗಾಳಿ ಶುರುವಾಗಿತ್ತು. ಮೋಡ ಬಂದು ಬಂದು ಹಾಗೇ ಹೋಗುತ್ತಿದ್ದವು, ಮನೆಯೊಳಗೆಲ್ಲ ಧೂಳು. ತನ್ನ ಸೋದರಮಾವ ಕೊಟ್ಟ ಹಳೆಯ ಲ್ಯಾಪ್‌ಟಾಪಿಗೆ ನನ್ನ ಸೀರೆ ಮುಚ್ಚಿ ಮುಚ್ಚಿ ಚೈತ್ರ ಬಸ್ಸು ಕಟ್ಟಿದಳು. ಫೋಟೋ ತೆಗೆಯಲು ಸ್ಟ್ಯಾಂಡಿಗೆ ಹೋದಾಗ ನಾನೂ ಜೊತೆಗಿದ್ದೆ. ಹಿಂದೆ, ಮುಂದೆ, ಪಕ್ಕದಲ್ಲಿ ಬಗ್ಗಿ ಬಗ್ಗಿ ಫೋಟೋ ತೆಗೆಯುವುದನ್ನು ನೋಡಿ ಕಂಡಕ್ಟರ್ ಖಾಸಿಂ, "ಏನವ್ವಾ, ನಮ್ಮ ಹಾಲಮ್ಮಗ ಗಂಡು ನೋಡೀಯೇನು? ಬಣ್ಣ ಸ್ವಲ್ಪ ಹೋಗೈತಿ, ಗುಣ ಚೊಲೊ ಐತಿ ಅಂತ ಹೇಳು" ಅಂದ. ಹೊಸ ಡ್ರೈವರನಿಂದ ಹಾರ್ನ್ ಹೊಡೆಸಿ ಫೋನಿನಲ್ಲಿ ಮುದ್ರಿಸಿಕೊಂಡು ಬಂದಳು. ಅಪ್ಪ ಕೇಳಿ, "ಆಂವ ಹೊಡದಂಗಲ್ಲ ಅದನ್ನ ಹೊಡೆಯೋದು" ಅಂದರು. ಮರುದಿನ ಅವರೇ ಬಿಸಿಲಲ್ಲಿ ನಡೆದು ಹೋಗಿ, ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕುಳಿತು ತಮ್ಮ ಕೈಯಿಂದ ಹೊಡೆದು ಬಂದರು. ಅವತ್ತು ಊಟಕ್ಕೆ ಒಂದು ರೊಟ್ಟಿ ಹೆಚ್ಚಿಗೆ ಕೇಳಿದರು.

ಆಮೇಲೆ ಇಬ್ಬರೂ ಕೂಡಿಯೇ ಕಟ್ಟಿದರು. ಗೇರಿನ ಮೇಲಿನ ಟವೆಲ್ಲು, ಕನ್ನಡಿಯ ಮೂಲೆಯ ಸೀಳು, ಬಾನೆಟ್ಟಿನ ಮೇಲೆ ಹಾಸಿದ ಚಾಪೆ. ನಾನು ಎರಡೇ ಮಾತು ಹೇಳಿದ್ದು. ಮುಂದೆ ಕೊಟ್ರಯ್ಯನ ಫೋಟೋ ಇರಲಿ, ಗಾಲಿ ಮುಂದೆ ನಿಂಬೆಹಣ್ಣು ಇರಲಿ. ಅಮಾವಾಸ್ಯೆ ಬಂದರೆ ಕೊಟ್ಟೂರಿಗೆ ನಡೆದು ಬರುವ ಜನರಿಂದ ರಸ್ತೆ ತುಂಬುತ್ತದೆ. ಅಂಥ ದಿನ ಗಾಡಿ ತೆಗೆಯುವ ಮೊದಲು ನಾನೇ ಸ್ಟ್ಯಾಂಡಿಗೆ ಹೋಗಿ ಮುಂದಿನ ಗಾಲಿಗೆ ನಿಂಬೆಹಣ್ಣು ಇಟ್ಟು ಬರುತ್ತಿದ್ದೆ. ಅದು ಪಚಕ್ಕನೆ ಒಡೆದ ಮೇಲೆಯೇ ನನ್ನ ಎದೆ ಹಗುರಾಗುತ್ತಿತ್ತು.

ಒಂದು ದಿನ ಚೈತ್ರ ಅಡಿಗೆಮನೆಗೆ ಬಂದು ನಿಂತಳು. "ಅವ್ವಾ, ನಿಂಬಿಹಣ್ಣು ಇಟ್ಟೀನಿ. ಆದ್ರ ಒಡಿಯಾಂಗಿಲ್ಲ."

"ಯಾಕ?"

"ಬಸ್ಸಿಗೇ ಅಂಟಸಬೇಕು. ಬಸ್ಸು ಮುಂದ ಹೋದಂಗ ಅದೂ ಮುಂದ ಹೋಗತೈತಿ. ಗಾಲಿಗೆ ಸಿಗಾಂಗಿಲ್ಲ."

ಹೋಗಿ ನೋಡಿದೆ. ಹೌದು, ಫೋನಿನಲ್ಲಿ ಬಸ್ಸು ಓಡುತ್ತಿದೆ, ಗಾಲಿಯ ಮುಂದೆ ನಿಂಬೆಹಣ್ಣೂ ಜಾರುತ್ತ ಓಡುತ್ತಿದೆ. ನಮ್ಮ ಮನೆಯವರು ಆ ವರ್ಷ ಮೊದಲ ಸಲ ನಕ್ಕರು. "ನೋಡಽ, ಇಷ್ಟು ವರ್ಷ ನೀ ಒಡಸಿದ ನಿಂಬಿಹಣ್ಣೆಲ್ಲಾ ಸೇರಿ ಸೇಡು ತೀರಿಸ್ಕೊಳ್ಳಾಕತ್ತಾವ!"

"ನಗಬ್ಯಾಡ್ರಿ. ಒಡೀದಿದ್ರ ಒಡೀಲಿಲ್ಲ. ಗಾಲಿ ಮುಂದ ಇದ್ರ ಸಾಕು," ಅಂದೆ.

ಮಳೆ ಒಂದಿಷ್ಟು ಬಿತ್ತು. ಮುಂಜಾನೆ ಖಾಕಿ ಅಂಗಿ ಹಾಕಿಕೊಂಡರೆ ಬಿಚ್ಚುವುದು ನಿಂತಿತು. ಹಾಕಿಕೊಂಡೇ ಕುಳಿತು ಒಂದು ಸುತ್ತು ಓಡಿಸುವರು. ಸಂಜೆ ಪಡಸಾಲೆಯಿಂದ ಹಾರ್ನ್ ಕೇಳಿಸುತ್ತಿತ್ತು, ನಾನು ಹಂಚು ಇಡುತ್ತಿದ್ದೆ. ಅಷ್ಟು ಸಾಕಾಗಿತ್ತು ನನಗೆ.

ಚೈತ್ರ ಆ ಬಸ್ಸನ್ನು ಬೀಗ ಹಾಕದೆ ಎಲ್ಲರಿಗೂ ಬಿಟ್ಟಳು. ಎಲ್ಲೆಲ್ಲಿಯವರೋ ಓಡಿಸಲು ಹತ್ತಿದರು. ಜಗಳವೂ ಹತ್ತಿತು. ನಾನು ರೊಟ್ಟಿ ಬಡಿಯುವಾಗ ಅವಳು ಓದಿ ಹೇಳುವಳು. "ಒಬ್ಬಾಂವ ಕೇಳ್ಯಾನ, ನಿಂಬಿಹಣ್ಣು ಯಾಕ ಓಡಾಕತ್ತೈತಿ ಅಂತ. ಇನ್ನೊಬ್ಬಾಂವ, ಆಟದಾಗೂ ಮೂಢನಂಬಿಕಿ ತರಬ್ಯಾಡ್ರಿ, ತೆಗೀರಿ ಅಂದಾನ. ಅವಗ ಮತ್ತೊಬ್ಬಾಂವ, ತೆಗದು ನೋಡು ಮಗನ, ಮುಂದಿನ ತಿರುವಿನ್ಯಾಗ ತಿಳೀತೈತಿ ಅಂದಾನ."

ಬಣ್ಣ ಬದಲಾಯಿಸಿದರು ಕೆಲವರು. ಸಿನಿಮಾ ನಟನ ಫೋಟೋ ಹಾಕಿದರು ಕೆಲವರು. ಒಬ್ಬ ಚೈತ್ರಳ ಹೆಸರು ಒರೆಸಿ, ತಾನೇ ಮಾಡಿದ್ದೆಂದು ತನ್ನ ಹೆಸರು ಬರೆದುಕೊಂಡ. ಅವತ್ತು ಅವಳು ಊಟ ಮಾಡಲಿಲ್ಲ.

"ಬೀಗ ಹಾಕವ್ವ ಅದಕ್ಕ," ಅಂದರು ಅಪ್ಪ. "ಬೇಕಾದಾಂವ ಕೇಳಿ ಇಸ್ಕೊಳ್ಳಲಿ."

"ನಾ ಕಲ್ತಿದ್ದು ಹೆಂಗ ಗೊತ್ತೇನಪ್ಪ? ಯಾರೋ ದೂರದಾಂವ ತನ್ನ ಬಸ್ಸಿಗೆ ಬೀಗ ಹಾಕದ ಬಿಟ್ಟಿದ್ದ. ಅದನ್ನ ಬಿಚ್ಚಿ ಬಿಚ್ಚಿ ನೋಡಿ ಕಲ್ತೆ. ಆಂವ ಹಾಕಿದ್ರ ನಿಮ್ಮ ಬಸ್ಸು ಎಲ್ಲಿರ್ತಿತ್ತು?"

ಮಠದ ದಾಸೋಹದಲ್ಲಿ ಉಂಡು ಎದ್ದವನನ್ನು ಯಾರೂ ಮುಂದೆ ಏನು ಮಾಡುತ್ತೀ ಎಂದು ಕೇಳುವುದಿಲ್ಲ. ನನಗೆ ಮಗಳ ಮಾತು ಸರಿ ಎನಿಸಿತು. ಆದರೆ ದೇವರ ಫೋಟೋ ತೆಗೆದು ನಟನ ಫೋಟೋ ಹಾಕಿದ್ದು ನೆನೆದರೆ ಅಪ್ಪನ ಮಾತೂ ಸರಿ ಎನಿಸುತ್ತಿತ್ತು. ಎರಡೂ ಸರಿ ಇದ್ದಾಗ ಹೆಂಗಸು ಏನು ಮಾಡಬೇಕು? ಸುಮ್ಮನೆ ರೊಟ್ಟಿ ಬಡಿದೆ.

ಶ್ರಾವಣದ ಒಂದು ಸೋಮವಾರ. ನಾನು ಗುಡಿಗೆ ಹೋಗಿ ಬಂದು ಇನ್ನೂ ಬಾಯಿಗೆ ನೀರು ಹಾಕಿರಲಿಲ್ಲ. ಓಣಿಯ ಹೆಂಗಸರು ಫೋನು ಹಿಡಿದು ಓಡಿ ಬಂದರು. "ಅಕ್ಕಾ, ನಿಮ್ಮ ಬಸ್ಸು ಕೆರ್ಯಾಗ ಬಿದ್ದೈತಂತಲ್ಲ!"

ನೋಡಿದೆ. ಶ್ರೀ ಹಾಲಮ್ಮ. ಅದೇ ಬಣ್ಣ, ಮುಂದೆ ಅದೇ ಕೊಟ್ರಯ್ಯ. ತಿರುವಿನಲ್ಲಿ ವಾಲಿ, ಕೆರೆಯ ಏರಿಯಿಂದ ಇಳಿದು, ನೀರಿಗೆ ಮಗುಚಿಕೊಳ್ಳುತ್ತದೆ. ಚಿತ್ರ ಮಸುಕು ಮಸುಕು. ಯಾರೋ ಅಳುವ ಸದ್ದು ಸೇರಿಸಿದ್ದರು. ಚೈತ್ರ ಒಳಗಿಂದ ಬಂದು ನೋಡಿ, "ಅವ್ವಾ, ಇದು ನಂದು. ಖರೇ ಅಲ್ಲ. ಆಟದ್ದು ಇದು, ಯಾರೋ ಆಡಿ ಕೆರಿಗೆ ಹಾಕ್ಯಾರ," ಅಂದಳು. ಆಗ ಕಣ್ಣಿಗೆ ಬಿತ್ತು, ಮಗುಚುವ ಬಸ್ಸಿನ ಗಾಲಿಯ ಮುಂದೆ ನಿಂಬೆಹಣ್ಣು.

ನಮಗೆ ತಿಳಿಯಿತು, ಉಳಿದವರಿಗೆ ಹೇಗೆ ತಿಳಿಯಬೇಕು? ಖರೆ ಬಸ್ಸು ಅದೇ ಹೊತ್ತಿಗೆ ಹಡಗಲಿಯ ಈಚೆ, ಫೋನು ಸಿಗದ ಕಡೆ, ಪಂಕ್ಚರ್ ಆಗಿ ನಿಂತಿತ್ತು. ಖಾಸಿಮನ ತಾಯಿ ಹಿರೇಹಡಗಲಿಯವಳು. ಮಗನಿಗೆ ಫೋನು ಹಚ್ಚಿ ಹಚ್ಚಿ ಸಿಗದೆ, ಚಪ್ಪಲಿಯೂ ಇಲ್ಲದೆ ರಸ್ತೆಗೆ ಓಡಿ, ಸಿಕ್ಕ ಟ್ರ್ಯಾಕ್ಟರ್ ಹತ್ತಿ ಕೆರೆ ಕೆರೆ ಹುಡುಕಿದ್ದಾಳೆ. ಮಧ್ಯಾಹ್ನ ಬಸ್ಸು ಎದುರಿಗೆ ಬಂದಾಗ ರಸ್ತೆಯ ನಡುವೆಯೇ ಕುಸಿದಳಂತೆ. ದೇವರು ದೊಡ್ಡವನು, ಜೀವಕ್ಕೆ ಏನೂ ಆಗಲಿಲ್ಲ. ಆದರೆ ಬಹಳ ದಿನ ಅವಳು ಮಗನನ್ನು ಬಸ್ಸು ಹತ್ತಲು ಬಿಡಲಿಲ್ಲ.

ಮರುದಿನ ಸಾವ್ಕಾರ್ರು ಬಂದರು. ಕುರ್ಚಿ ಹಾಕಿದೆ, ಕುಳಿತುಕೊಳ್ಳಲಿಲ್ಲ.

"ಬಸಣ್ಣ, ನಿನ್ನ ಮಗಳು ಮಾಡಿದ್ದಂತ?"

"ಬಸ್ಸು ಮಾಡಿದ್ದು ಅಕಿ ಹೌದ್ರಿ. ಕೆರಿಗೆ ಹಾಕಿದ್ದು ಅಕಿ ಅಲ್ಲರಿ."

"ಯಾರರ ಹಾಕಲಿ. ಹೆಸರು ಯಾರದು? ನಮ್ಮವ್ವಂದು. ಆಕಿ ಸತ್ತು ಎಷ್ಟು ವರ್ಷ ಆತು, ಈಗ ಫೋನಿನ್ಯಾಗ ಎಲ್ಲಾರೂ ನೀರಾಗ ಮುಳಗಸಾಕತ್ತಾರ." ಸಿಟ್ಟಿನಿಂದ ಬಂದವರೆಂದುಕೊಂಡಿದ್ದೆ, ಕಣ್ಣು ಕೆಂಪಾಗಿದ್ದು ಬೇರೆ ಕಾರಣಕ್ಕೆ.

ಚೈತ್ರ ಮುಂದೆ ಬಂದಳು. "ಅಜ್ಜಿ ಹೆಸರು ತೆಗೀತೀನಿ ಕಾಕಾ. ಬಣ್ಣನೂ ಬದಲಿ ಮಾಡ್ತೀನಿ. ಬಸ್ಸು ಇರ್ಲಿ ಬಿಡ್ರಿ."

"ಪೂರ್ತಿ ಅಳಸು. ನನ್ನ ಬಸ್ಸು, ನನ್ನ ಕೇಳದ ನೀ ಹೆಂಗ ಮಾಡಿದಿ?"

"ಬಸ್ಸು ನಿಮ್ದರಿ. ಕಟ್ಟಿದ್ದು ನಾನಲ್ಲೇನ್ರಿ?"

"ಹೌದವ್ವ, ಕಟ್ಟಿ ಊರಿಗೆಲ್ಲಾ ಹಂಚೀದಿ. ಹಂಚಿದ ಮ್ಯಾಲೆ ಯಾರ ಕೈಗೆ ಏನು ಆಕ್ಕೈತಿ ಅಂತ ನಿನಗ ಗೊತ್ತೈತೇನು?" ಸಾವ್ಕಾರ್ರು ಬಾಗಿಲ ಬಳಿ ಹೋಗಿ ನಿಂತು, ನಮ್ಮ ಮನೆಯವರ ಮುಖ ನೋಡದೆ ಹೇಳಿದರು. "ಅದು ಇರೂತನ ಏಜೆಂಟ್ ಕೆಲಸದ ಮಾತು ಬ್ಯಾಡ ಬಸಣ್ಣ. ತಪ್ಪು ತಿಳೀಬ್ಯಾಡ."

ಆಮೇಲಿನ ದಿನಗಳು ನೆನಪಾದರೆ ಈಗಲೂ ಮೈ ಭಾರವಾಗುತ್ತದೆ. ನಮ್ಮ ಮನೆಯವರು ಅಳಿಸು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಪಡಸಾಲೆಯಲ್ಲಿ ಹಾರ್ನ್ ನಿಂತಿತು. ಖಾಕಿ ಅಂಗಿ ಮತ್ತೆ ಗೂಟಕ್ಕೆ ಹೋಯಿತು. ನಾನೇ ಒಂದು ಸೋಮವಾರ ಪ್ರಸಾದ ತೆಗೆದುಕೊಂಡು ಸಾವ್ಕಾರ್ರ ಮನೆಗೆ ಹೋದೆ. "ಯಣ್ಣಾ, ತಾಯಿ ಹೆಸರು ತೆಗೀಲಿ. ಆದ್ರ ಬಸ್ಸು ಬಿಡ್ರಿ. ಅದರಾಗ ನಮ್ಮೋರು ಕುಂತಾರ. ಕಣ್ಣು ಹೋದ ಮ್ಯಾಲೆ ಅದೊಂದ ಅವರಿಗೆ ಸೀಟು," ಅಂದೆ.

ಅವರು ಪ್ರಸಾದ ಕಣ್ಣಿಗೊತ್ತಿಕೊಂಡರು. "ತಂಗೀ, ಆ ಮುದುಕಿ ಬರಿಗಾಲಲೆ ಓಡಿದ್ಲಲ್ಲ, ಆಕಿ ಮಗ ನನ್ನ ಬಸ್ಸಿನ್ಯಾಗ ದುಡಿಯಾಂವ. ಆಕಿಗೆ ನಾ ಏನು ಹೇಳ್ಲಿ?" ಅಂದರು.

ಖಾಲಿ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ.

ಮನೆಗೆ ಬಂದು ನಡೆದದ್ದನ್ನು ಹೇಳಿ, ಅಳಿಸಿಬಿಡು ಅಂದೆ. ಚೈತ್ರ ಕೇಳಿಸಿಕೊಂಡು ಲ್ಯಾಪ್‌ಟಾಪು ತೆಗೆದಳು. "ಅವ್ವಾ, ನಾ ಅಳಸೋದು ನನ್ನ ಕಡೆ ಇರೋದನ್ನ ಅಷ್ಟ. ಇಳಿಸ್ಕೊಂಡೋರ ಫೋನಿನ್ಯಾಗ ಇರೋದು ಅಲ್ಲೇ ಇರತೈತಿ. ಯಾರೂ ಅಳಸಾಕ ಬರಾಂಗಿಲ್ಲ. ಸುಳ್ಳ ಅಳಿಸಿದಂಗ ಇದು."

"ಗೊತ್ತವ್ವ," ಅಂದೆ.

"ಗೊತ್ತಿದ್ದೂ ಅಳಸು ಅಂತೀಯೇನು?"

ಅಪ್ಪ ಕುರ್ಚಿಯಿಂದಲೇ ಹೇಳಿದರು. "ಅಳಸವ್ವ. ಕೆಲಸಕ್ಕಂತ ಅಲ್ಲ. ಖಾಸಿಮನ ತಾಯಿಗಂತ ಅಳಸು."

ಅವಳು ಒಂದು ಗುಂಡಿ ಒತ್ತಿದಳು. ಆಷಾಢವೆಲ್ಲ ಕೂತು ಕಟ್ಟಿದ್ದು, ಹೋಗುವುದಕ್ಕೆ ಸದ್ದೇ ಬರಲಿಲ್ಲ.

ದೀಪಾವಳಿಗೆ ಸಾವ್ಕಾರ್ರು ತಾವೇ ಬಂದು ನಮ್ಮ ಮನೆಯವರನ್ನು ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಇಂದಿಗೂ ಅವರು ಅಲ್ಲೇ ಇದ್ದಾರೆ. ದೂರದ ಬೋರ್ಡು ಓದಲಾಗದಿದ್ದರೂ ಎಂಜಿನ್ನಿನ ಸದ್ದಿಗೆ ಯಾವ ಗಾಡಿ ಬಂತೆಂದು ಹೇಳುತ್ತಾರೆ. ಚೈತ್ರ ಹರಪನಹಳ್ಳಿಯ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು. ಆಗಾಗ ಬಸ್ಸು ಕಟ್ಟುತ್ತಾಳೆ, ಯಾರ ಹೆಸರೂ ಬರೆಯುವುದಿಲ್ಲ. ಬೀಗವನ್ನೂ ಹಾಕುವುದಿಲ್ಲ. ಫೋನಿನಲ್ಲಿ ಉಳಿದ ಆ ಬಸ್ಸನ್ನು ಮಾತ್ರ ನಮ್ಮ ಮನೆಯವರು ಮತ್ತೆ ಮುಟ್ಟಲಿಲ್ಲ. ಆ ಫೋನು ಕೆಟ್ಟಾಗ ಅದೂ ಹೋಯಿತು.

ಹಗರಿಬೊಮ್ಮನಹಳ್ಳಿಯಲ್ಲಿ ಆ ಹೆಣ್ಣುಮಗಳ ಫೋನು ನೋಡುತ್ತ ನಾನು ಬುಟ್ಟಿ ಹಿಡಿದೇ ಹಿಂದಕ್ಕೆ ತಿರುಗಿ ಕುಳಿತೆ. ಬಣ್ಣ ಬೇರೆ, ಹೆಸರು ಬೇರೆ. ಮುಂದಿನ ಫೋಟೋದಲ್ಲಿ ಯಾವುದೋ ಊರಿನ ದೇವಿ. ಗೇರಿನ ಮೇಲಿನ ಟವೆಲ್ಲೂ ಇಲ್ಲ. ಎಷ್ಟು ಕೈ ದಾಟಿ ಬಂದಿತ್ತೋ. ಆದರೆ ಗಾಲಿಯ ಮುಂದೆ ಹಳದಿಯದೊಂದು ಜಾರುತ್ತ ಓಡುತ್ತಿತ್ತು.

"ಯವ್ವಾ, ಅದೇನದು ಮುಂದ?"

"ನಿಂಬಿಹಣ್ಣು ಅಕ್ಕಾರ. ಯಾರು ಇಟ್ಟಾರೋ ಗೊತ್ತಿಲ್ರಿ, ಬಸ್ಸಿನ ಜೋಡಿನ ಬಂದೈತಿ."

"ತೆಗಿಯಾಕ ಬರಾಂಗಿಲ್ಲೇನು?"

"ಬರತೈತ್ರಿ. ನಾನ ಬಣ್ಣ, ಹೆಸರು ಎಲ್ಲಾ ಬದಲಿ ಮಾಡೀನಿ. ಇದನ್ನ ಯಾರೂ ತೆಗ್ದಿಲ್ಲಂತ. ನಾ ಯಾಕ ತೆಗೀಲಿ, ಇರಲಿ ಬಿಡ್ರಿ," ಅಂದು ಅವಳು ಒಂದು ತಿರುವಿನಲ್ಲಿ ನಿಧಾನ ಮಾಡಿ ಮತ್ತೆ ಹಾರ್ನ್ ಹೊಡೆದಳು. ನಾನು ಮುಂದಕ್ಕೆ ತಿರುಗಿ ಕೈ ಮುಗಿದೆ. ಯಾವ ದೇವರಿಗೆಂದು ಕೇಳಿದರೆ ಹೇಳಲಾರೆ.

ಸಂಜೆ ವಾಪಸು ಬಂದು ಕೊಟ್ಟೂರಿನಲ್ಲಿ ಇಳಿದಾಗ ಅವರು "ಕೂಡ್ಲಿಗಿ, ಕೂಡ್ಲಿಗಿ" ಎಂದು ಕೂಗುತ್ತಿದ್ದರು. ಹತ್ತಿರ ಹೋಗಿ, "ಇವತ್ತು ನಿಮ್ಮ ಬಸ್ಸು ನೋಡಿದ್ನಿರಿ," ಅಂದೆ. ಯಾವ ಬಸ್ಸು ಎಂದು ಅವರು ಕೇಳಲಿಲ್ಲ.

"ಯಾರು ಓಡಸಾಕತ್ತಿದ್ರು?"

"ಒಬ್ಬಾಕಿ ಹೆಣ್ಣುಮಗಳು. ನೌಕರಿಯಾಕಿ."

ಒಂದು ಗಾಡಿ ಬಂದು ನಿಂತಿತು. ಅವರು ಅದರ ಬಾಗಿಲಿಗೆ ಕೈ ಇಟ್ಟು, ಜನರನ್ನು ಹತ್ತಿಸುತ್ತ, ನನ್ನ ಕಡೆ ತಿರುಗದೆಯೇ ಕೇಳಿದರು.

"ತಿರುವಿನ್ಯಾಗ ನಿಧಾನ ಮಾಡಿದ್ಲೇನು?"

"ಮಾಡಿದ್ಲರಿ," ಅಂದೆ. "ಹಾರ್ನ್ ಹೊಡದು, ನಿಧಾನ ಮಾಡಿ ತಿರುಗಿಸಿದ್ಲು."

ಅವರು ಗಾಡಿಯ ಮೈಯನ್ನು ಅಂಗೈಯಿಂದ ಎರಡು ಸಲ ಬಡಿದು, "ರೈಟ್" ಅಂದರು. ನಾನು ಹಂಚು ಇಡಲು ಮನೆಗೆ ನಡೆದೆ.